1929ರ ಬಾಡಿ, 1932ರ ಚಾಸಿ, ಶೆವಿ ಎಂಜಿನ್: ಮೂರು ಕಿಟ್ ಸೇರಿಸಿ ಒಂದು ಹಾಟ್ ರಾಡ್ ಮಾಡಬೇಕು

ಕಟಪಾಡಿ ಹುಡುಗ:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನನ್ನ ಸೋದರಮಾವ ಈ ಸಲ ಬರುವಾಗ ಹಳೆಯ ಕಾರ್ ಮಾಡೆಲ್ ಕಿಟ್‌ಗಳ ಒಂದು ಡಬ್ಬ ತಂದುಕೊಟ್ಟರು. ಯಾವ ಕಿಟ್ಟೂ ಪೂರ್ತಿ ಇಲ್ಲ. ಎಎಂಟಿ ಕಂಪನಿಯ 1929ರ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್‌ನ (ಮೇಲ್ಛಾವಣಿ ಇಲ್ಲದ ತೆರೆದ ಕಾರು) ಬಾಡಿ ಚೆನ್ನಾಗಿದೆ, ಚಾಸಿ ಇಲ್ಲ. ರೆವೆಲ್‌ನ 1932ರ ಫೋರ್ಡ್‌ನಲ್ಲಿ ಚಾಸಿ, ಆಕ್ಸಲ್, ರೇಡಿಯೇಟರ್ ಗ್ರಿಲ್ ಎಲ್ಲ ಇದೆ, ಬಾಡಿ ಒಡೆದಿದೆ. ಮೊನೊಗ್ರಾಮ್‌ನ ಒಂದು ಶೆವಿ (ಶೆವ್ರೊಲೆ) ಕಿಟ್‌ನಿಂದ V8 ಎಂಜಿನ್, ಅಂದರೆ V ಆಕಾರದಲ್ಲಿ ಎಂಟು ಸಿಲಿಂಡರ್ ಇರುವುದು, ಸಿಕ್ಕಿದೆ. ಮೊದಲಿನ ಎರಡರ ಸ್ಕೇಲ್ 1/25, ಅಂದರೆ ನಿಜವಾದ ಕಾರಿನ ಅಳತೆಯ 25ನೇ ಒಂದು ಭಾಗ. ಎಂಜಿನ್ ಮಾತ್ರ 1/24.

ಇವನ್ನೆಲ್ಲ ಸೇರಿಸಿ 1950ರ ಕಾಲದ, ಮಡ್‌ಗಾರ್ಡ್ ಇಲ್ಲದ ಒಂದು ಹಾಟ್ ರಾಡ್ (ಹಳೆ ಕಾರಿಗೆ ಬಲವಾದ ಎಂಜಿನ್ ಹಾಕಿ ಮಾರ್ಪಡಿಸಿದ ಗಾಡಿ) ಮಾಡಬೇಕು ಅಂತ ಆಸೆ. ಬಾಡಿಯನ್ನು ಚಾಸಿಯ ಮೇಲೆ ಸುಮ್ನೆ ಇಟ್ಟು ನೋಡಿದೆ. ಮುಂದಿನ ತುದಿ ಸರಿ ಮಾಡಿದರೆ ಹಿಂದಿನ ಚಕ್ರ ಬಾಡಿಯ ಕಮಾನಿನ ನಡುವೆ ಬರುವುದಿಲ್ಲ. ಡ್ಯಾಶ್‌ಬೋರ್ಡ್ ಇರುವ ಕಡೆ ಬಾಡಿ ಸಣ್ಣ, ಚಾಸಿ ಅಗಲ. ಎಂಜಿನ್ ಇಟ್ಟರೆ ಅದರ ಹಿಂಭಾಗ ಫೈರ್‌ವಾಲ್‌ಗೆ (ಎಂಜಿನ್ ಮತ್ತು ಕೂರುವ ಜಾಗದ ನಡುವಿನ ಗೋಡೆ) ತಾಗುತ್ತದೆ. ಏನನ್ನು ಮೊದಲು ಕತ್ತರಿಸಬೇಕು, ಏನನ್ನು ಮುಟ್ಟಬಾರದು? ಸ್ಕೇಲ್ ಬೇರೆ ಇರುವ ಎಂಜಿನ್ ಹಾಕಬಹುದಾ?

ಟೂಲ್‌ರೂಮ್ ರಾಯರು:

ಡಬ್ಬದಲ್ಲಿ ಒಳ್ಳೆಯ ಸಾಮಾನೇ ಬಂದಿದೆ. ಮಾಡೆಲ್ ಎ ಬಾಡಿಯನ್ನು 1932ರ ಚಾಸಿಯ ಮೇಲೆ ಕೂರಿಸುವುದು ನಿಜವಾದ ಹಾಟ್ ರಾಡ್‌ನವರು ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಅದಕ್ಕೆ ಕಾರಣ ಇದೆ. 1932ರ ಚಾಸಿಯ ರೈಲ್‌ಗಳು (ಎರಡು ಬದಿಯ ಉದ್ದ ತೊಲೆಗಳು) ಹೊರಗೆ ಕಾಣುವಂತೆ ಮಾಡಿದ್ದವು. ಅವುಗಳ ಹೊರಮೈಯಲ್ಲಿ ಉದ್ದಕ್ಕೂ ಒಂದು ಗೆರೆ ಒತ್ತಿರುತ್ತದೆ, ನಿಮ್ಮ ರೆವೆಲ್ ಚಾಸಿಯಲ್ಲೂ ಬೆರಳಾಡಿಸಿದರೆ ಸಿಗುತ್ತದೆ. ಮಾಡೆಲ್ ಎ ಚಾಸಿ ನೇರ, ಸಪ್ಪೆ. ಮಡ್‌ಗಾರ್ಡ್ ತೆಗೆದ ಮೇಲೆ ಯಾವುದು ಚೆಂದ ಕಾಣುತ್ತದೆ ಹೇಳಿ. ಹಾಗಾಗಿ ಆ ರೈಲ್‌ಗಳನ್ನು ಮಾತ್ರ ಕತ್ತರಿಸಿ ಕಿರಿದು ಮಾಡಲು ಹೋಗಬೇಡಿ. ಈ ಕಾರಿನ ಜೀವ ಅಲ್ಲೇ ಇದೆ.

ಗಮ್ ಬಾಟಲಿಯನ್ನು ಸದ್ಯಕ್ಕೆ ಬೀರುವಿನಲ್ಲಿ ಇಟ್ಟುಬಿಡಿ. ಮೊದಲು ಇಡೀ ಕಾರನ್ನು ಮಾಸ್ಕಿಂಗ್ ಟೇಪ್ ಮತ್ತು ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆ ಗಮ್‌ನಿಂದ ನಿಲ್ಲಿಸಿ. ಚಕ್ರ ಸಮೇತ, ಒಂದು ಗಾಜಿನ ತುಂಡಿನ ಮೇಲೆ. ಮೇಜು ಎಷ್ಟೇ ಸಮ ಅನಿಸಿದರೂ ಗಾಜಿನಷ್ಟು ಸಮ ಇರುವುದಿಲ್ಲ. ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ. ಮುಂದೆ ತಗ್ಗು, ಹಿಂದೆ ಎತ್ತರ, ಮುಂದಿನ ಟೈರ್ ಸಣ್ಣದು, ಹಿಂದಿನದು ದೊಡ್ಡದು. ಈ ನಿಲುವು ಸರಿ ಬಂದರೆ ಪೇಂಟ್ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ನಿಲುವು ತಪ್ಪಿದರೆ ಎಷ್ಟು ಹೊಳಪು ಕೊಟ್ಟರೂ ಅದು ಆಟಿಕೆ ಕಾರೇ.

ಈಗ ಲೆಕ್ಕ. 1932ರ ಫೋರ್ಡ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 106 ಇಂಚು. 1/25ರಲ್ಲಿ ಅದು ಸುಮಾರು 107.7 ಮಿ.ಮೀ. ಮಾಡೆಲ್ ಎ ವೀಲ್‌ಬೇಸ್ 103.5 ಇಂಚು, ಅಂದರೆ 105.2 ಮಿ.ಮೀ. ನಿಮ್ಮನ್ನು ಕಾಡುತ್ತಿರುವುದು ಈ ಎರಡೂವರೆ ಮಿಲಿಮೀಟರ್. ಬಾಡಿಯನ್ನು ಹಿಂದಿನ ಚಕ್ರ ನೋಡಿಕೊಂಡು ಕೂರಿಸಿ. ಚಕ್ರ ಕಮಾನಿನ ಸರಿಯಾಗಿ ನಡುವೆ ಬರಲಿ. ಹೆಚ್ಚಾದ ಜಾಗವೆಲ್ಲ ಫೈರ್‌ವಾಲ್ ಮತ್ತು ಗ್ರಿಲ್ ನಡುವೆ ಹೋಗಲಿ. ಮೂತಿ ಸ್ವಲ್ಪ ಉದ್ದ ಆಗುತ್ತದೆ, ಅದೇ ಚೆಂದ. ಕಿಟ್‌ನ ಬಾನೆಟ್ ಆಗ ಹೊಂದುವುದಿಲ್ಲ. ಬಾನೆಟ್ ಬೇಡವೇ ಬೇಡ, ಎಂಜಿನ್ ಕಾಣಲಿ.

ಅಗಲದ ತೊಂದರೆಗೆ 1 ಮಿ.ಮೀ. ಸ್ಟೈರೀನ್ (ಪ್ಲಾಸ್ಟಿಕ್) ಹಾಳೆಯಿಂದ ಹೊಸ ನೆಲ ಕತ್ತರಿಸಿ. ಅದು ಬಾಡಿಯ ಒಳಗೆ ಬಿಗಿಯಾಗಿ ಕೂರಬೇಕು. ಅದರ ಅಡಿಯಲ್ಲಿ ಎರಡು ಸಣ್ಣ ಪಟ್ಟಿ ಅಂಟಿಸಿ, ರೈಲ್‌ಗಳ ಒಳಮೈಗೆ ತಾಗುವ ಹಾಗೆ. ಆಗ ಬಾಡಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಬಂದು ಕೂರುತ್ತದೆ. ಟೂಲ್‌ರೂಮಿನಲ್ಲಿ ನಾವು ಜಿಗ್ (ಕೆಲಸವನ್ನು ಒಂದೇ ಅಳತೆಯಲ್ಲಿ ಹಿಡಿದಿಡುವ ಸಾಧನ) ಮಾಡುತ್ತಿದ್ದದ್ದು ಇದಕ್ಕೇ. ಒಮ್ಮೆ ಅಳತೆ ಹಿಡಿದರೆ ಆಮೇಲೆ ಕಣ್ಣಂದಾಜು ಬೇಕಾಗುವುದಿಲ್ಲ.

ಎಂಜಿನ್ ವಿಷಯ. ನಿಜವಾದ ಸಣ್ಣ ಬ್ಲಾಕ್ ಶೆವಿ ಎಂಜಿನ್ ಸುಮಾರು 27 ಇಂಚು ಉದ್ದ. 1/24ರ ಎಂಜಿನ್ ಅನ್ನು 1/25ರ ಕಾರಿನಲ್ಲಿಟ್ಟರೆ 28 ಇಂಚಿನ ಎಂಜಿನ್ ಇಟ್ಟ ಹಾಗೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಧಾರಾಳವಾಗಿ ಹಾಕಿ. ಬಾಡಿ, ಚಾಸಿ, ಸೀಟು, ಸ್ಟೇರಿಂಗ್ ಮಾತ್ರ ಒಂದೇ ಸ್ಕೇಲ್‌ನಲ್ಲಿರಲಿ. ಫೈರ್‌ವಾಲ್‌ಗೆ ತಾಗುವುದಕ್ಕೆ ಸ್ಕೇಲ್ ಒಂದೇ ಕಾರಣ ಅಲ್ಲ. ಶೆವಿಯ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಇರುವುದೇ ಎಂಜಿನ್‌ನ ಹಿಂತುದಿಯಲ್ಲಿ. ಫೋರ್ಡ್‌ನ ಹಳೆಯ ಫ್ಲ್ಯಾಟ್‌ಹೆಡ್ (ಚಪ್ಪಟೆ ತಲೆಯ) V8ರಲ್ಲಿ ಅದು ಮುಂದೆ ಇರುತ್ತದೆ. ನಿಜವಾದ ಕಾರಿನಲ್ಲೂ ಇದೇ ಜಗಳ. ಅವರು ಫೈರ್‌ವಾಲ್ ಕತ್ತರಿಸಿ ಒಳಕ್ಕೆ ಒಂದು ಪೆಟ್ಟಿಗೆಯಂತೆ ತಗ್ಗಿಸುತ್ತಿದ್ದರು. ನೀವೂ ಹಾಗೇ ಮಾಡಿ: ಡಿಸ್ಟ್ರಿಬ್ಯೂಟರ್‌ಗಿಂತ ಸ್ವಲ್ಪ ಅಗಲವಾದ ಚೌಕ ಕತ್ತರಿಸಿ, ಹಿಂದಿನಿಂದ ಅರ್ಧ ಮಿ.ಮೀ. ಹಾಳೆಯಲ್ಲಿ ಗೂಡು ಕಟ್ಟಿ. ಎಂಜಿನ್ ಮುಂದಕ್ಕೆ ತಳ್ಳಿದರೆ ರೇಡಿಯೇಟರ್‌ಗೆ ಹೊಡೆಯುತ್ತದೆ.

ಇನ್ನೊಂದು ಮಾತು. ಆ ಶೆವಿ V8 ಬಂದದ್ದು 1955ರ ಮಾಡೆಲ್‌ನಲ್ಲಿ, 265 ಕ್ಯೂಬಿಕ್ ಇಂಚಿನದ್ದು. ಹಾಗಾಗಿ ನಿಮ್ಮ ಕಾರು 1950ರದ್ದಲ್ಲ, ದಶಕದ ಕೊನೆಯದ್ದು. ಅಗಲವಾದ ಈಗಿನ ಅಲಾಯ್ ಚಕ್ರ ಹಾಕಬೇಡಿ. ಸಾದಾ ಸ್ಟೀಲ್ ರಿಮ್, ಸಣ್ಣ ಕ್ಯಾಪ್ ಸಾಕು.

ವಾಣಿ, ಕ್ಯಾಲಿಫೋರ್ನಿಯಾ:

ರಾಯರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಪಮೋನಾ ಹತ್ತಿರ ಇದ್ದೇನೆ. ಚಳಿಗಾಲದಲ್ಲಿ ಇಲ್ಲಿ ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋ ನಡೆಯುತ್ತದೆ. ಮೊದಲು ಶುರುವಾದದ್ದು ಓಕ್‌ಲ್ಯಾಂಡ್‌ನಲ್ಲಿ, 1950ರಲ್ಲಿ. ಅಲ್ಲಿ ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ ಅಂತ ಮೊದಲ ಪ್ರಶಸ್ತಿ ಪಡೆದದ್ದು ಬಿಲ್ ನೀಕ್ಯಾಂಪ್ ಅವರ ಕಾರು. ಅದರ ಬಾಡಿ 1929ರ ಮಾಡೆಲ್ ಎ, ಚಾಸಿ 1927ರ ಎಸೆಕ್ಸ್ ಎಂಬ ಕಾರಿನದ್ದು, ಎಂಜಿನ್ ಫ್ಲ್ಯಾಟ್‌ಹೆಡ್. ಬೇರೆ ಬೇರೆ ಕಾರಿನ ಭಾಗ ಕೂಡಿಸಿದ ಬಂಡಿಯೇ ಗೆದ್ದದ್ದು! ಹಾಗಾಗಿ ನಿಮ್ಮ ಡಬ್ಬ ಅಪೂರ್ಣ ಅಂತ ಬೇಜಾರು ಮಾಡಿಕೊಳ್ಳಬೇಡಿ. ಹಾಟ್ ರಾಡ್ ಹುಟ್ಟಿದ್ದೇ ಹೀಗೆ.

ಶೋನಲ್ಲಿ ನಾನು ಬಗ್ಗಿ ನೋಡುವುದು ನೀವು ಕೇಳಿದ ಜಾಗವನ್ನೇ, ಬಾಡಿಯ ಮುಂದಿನ ಕೆಳಮೂಲೆ. ಕೆಲವರು ರೈಲ್‌ಗಳನ್ನು ಬಾಡಿಗೆ ತಕ್ಕಂತೆ ಒಳಕ್ಕೆ ಒತ್ತಿಸುತ್ತಾರೆ. ಎಷ್ಟೋ ಕಾರುಗಳಲ್ಲಿ ರೈಲ್ ಸ್ವಲ್ಪ ಹೊರಗೆ ಚಾಚಿಕೊಂಡೇ ಇರುತ್ತದೆ, ಮೇಲೆ ಒಂದು ಸಣ್ಣ ಅಂಚು ಕಾಣುತ್ತದೆ. ಅದನ್ನು ಪುಟ್ಟಿ ಹಾಕಿ ಮುಚ್ಚಬೇಡಿ. ಹಿಂದೆ ಮಾತ್ರ, ಬಾಡಿಯ ಆಚೆ ಚಾಚುವ ರೈಲ್ ತುದಿಗಳನ್ನು ಮೊಟಕು ಮಾಡಿ. ಮಾಡೆಲ್ ಎ ಪೆಟ್ರೋಲ್ ಟ್ಯಾಂಕ್ ಡ್ಯಾಶ್‌ಬೋರ್ಡ್ ಮುಂದೆಯೇ ಇರುತ್ತದೆ, ಹಿಂದೆ ಏನೂ ನೇತಾಡಬೇಕಾಗಿಲ್ಲ.

ಕಟಪಾಡಿ ಹುಡುಗ:

ರಾಯರೇ, ವಾಣಿ ಅಕ್ಕ, ತುಂಬಾ ಥ್ಯಾಂಕ್ಸ್. ಹಿಂದಿನ ಚಕ್ರ ಹಿಡಿದು ಬಾಡಿ ಕೂರಿಸಿದ ತಕ್ಷಣ ಕಾರಿಗೆ ಒಂದು ರೂಪ ಬಂತು ಮಾರಾಯ್ರೆ! ನೆಲದ ಹಾಳೆ ಕತ್ತರಿಸಿ ಆಯಿತು. ಈಗ ಎರಡು ಪ್ರಶ್ನೆ. ಆಕ್ಸಲ್, ಸ್ಪ್ರಿಂಗ್ ಎಲ್ಲದಕ್ಕೂ ಕ್ರೋಮ್ ಇದೆ, ಅದನ್ನು ತೆಗೆಯುವುದು ಹೇಗೆ? ಮತ್ತೆ ಇಲ್ಲಿ ಮಳೆ ಬಿಡುತ್ತಿಲ್ಲ, ಈಗ ಸ್ಪ್ರೇ ಪೇಂಟ್ ಹೊಡೆಯಬಹುದಾ?

ಸುರತ್ಕಲ್ ಪೇಂಟರ್:

ನಾನು ಕಾರುಗಳ ಟಿಂಕರಿಂಗ್, ಪೇಂಟಿಂಗ್ ಕೆಲಸದವನು. ಮಾಡೆಲ್‌ಗೂ ಅದೇ ಪೇಂಟ್, ಅದೇ ಬುದ್ಧಿ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಥಿನ್ನರ್ ಬೇಗ ಹಾರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲಿ ಕೂರುತ್ತದೆ. ಕಪ್ಪು ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ. ಪ್ರೈಮರ್ ಬೇಕಾದರೆ ಮಳೆ ಬಿಟ್ಟು ಬಿಸಿಲು ಬಂದ ಮಧ್ಯಾಹ್ನ ತೆಳ್ಳಗೆ ಹೊಡೆಯಿರಿ. ಬಣ್ಣಕ್ಕೆ ಅವಸರ ಬೇಡ. ಅಲ್ಲಿಯ ತನಕ 1000 ನಂಬರ್ ವಾಟರ್ ಪೇಪರ್ ಹಿಡಿದು ಬಾಡಿಯ ಮೋಲ್ಡ್ ಗೆರೆಗಳನ್ನು (ಅಚ್ಚಿನ ಜೋಡಣೆಯಿಂದ ಉಳಿದ ಗೆರೆಗಳು) ತೆಗೆಯಿರಿ. ಹಳೆ ಕಿಟ್‌ಗಳಲ್ಲಿ ಅದು ಜಾಸ್ತಿ.

ಕ್ರೋಮ್‌ಗೆ ಮನೆಯಲ್ಲಿ ಬಟ್ಟೆಗೆ ಹಾಕುವ ಬ್ಲೀಚ್ ಸಾಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳುಗಿಸಿಡಿ, ತಾನಾಗಿ ಕರಗುತ್ತದೆ. ಗ್ಲೌಸ್ ಹಾಕಿಕೊಳ್ಳಿ. ಅದೇ ಡಬ್ಬಿಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಯಾವತ್ತೂ ಸೋಕಬಾರದು. ಕ್ಲೋರಿನ್ ಗ್ಯಾಸ್ ಏಳುತ್ತದೆ, ಅದು ಪ್ರಾಣಕ್ಕೆ ಅಪಾಯ.

ಇನ್ನೊಂದು: ರಬ್ಬರ್‌ನಂಥ ಮೆತ್ತನೆಯ ಟೈರ್‌ಗಳನ್ನು ಪ್ಲಾಸ್ಟಿಕ್ ಭಾಗಗಳ ಜೊತೆ ಒಂದೇ ಕವರ್‌ನಲ್ಲಿ ಇಡಬೇಡಿ. ತಾಗಿಕೊಂಡೇ ಇದ್ದರೆ ಟೈರ್‌ನ ಎಣ್ಣೆಯಂಥ ಅಂಶ ಪ್ಲಾಸ್ಟಿಕ್ ಅನ್ನು ತಿಂದುಬಿಡುತ್ತದೆ.

ಟೂಲ್‌ರೂಮ್ ರಾಯರು:

ಪೇಂಟರ್ ಹೇಳಿದ್ದು ಸರಿ. ಮಳೆ ನಿಲ್ಲುವ ತನಕ ಎಂಜಿನ್ ಕೆಲಸ ಮುಗಿಸಿ. ಪ್ಲಗ್ ವೈರ್ ಹಾಕದೆ ಬಿಡಬೇಡಿ, ಬಾನೆಟ್ ಇಲ್ಲದ ಕಾರಿನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ನಿಜವಾದ ಪ್ಲಗ್ ವೈರ್ 7 ಮಿ.ಮೀ. ದಪ್ಪ, ಮಾಡೆಲ್‌ನಲ್ಲಿ ಅದು 0.3 ಮಿ.ಮೀ. ಹತ್ತಿರ. ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ 30 ಗೇಜ್ ವೈಂಡಿಂಗ್ ವೈರ್ ಕೇಳಿ, ಒಂದು ಮಾರು ಸುಮ್ನೆ ಕೊಡುತ್ತಾರೆ. ಡಿಸ್ಟ್ರಿಬ್ಯೂಟರ್‌ನ ತಲೆಯಲ್ಲಿ ಸುತ್ತಲೂ ಎಂಟು ತೂತು, ನಡುವೆ ಕಾಯಿಲ್‌ಗೆ ಒಂದು. ಕೈಯಲ್ಲಿ ತಿರುಗಿಸುವ ಪಿನ್ ವೈಸ್‌ನಿಂದಲೇ ಕೊರೆಯಿರಿ. ಎಲೆಕ್ಟ್ರಿಕ್ ಡ್ರಿಲ್ ಹಿಡಿದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಅಂಟುತ್ತದೆ. ವೈರ್‌ಗೆ ಮೊದಲೇ ಕಪ್ಪು ಬಣ್ಣ ಹಚ್ಚಿ ಒಣಗಿಸಿ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಸರದಿ, 1-8-4-3-6-5-7-2. ಡ್ರೈವರ್ ಕಡೆಯ ಸಾಲು ಮುಂದಿನಿಂದ 1, 3, 5, 7. ಆಚೆ ಕಡೆ 2, 4, 6, 8. ಅಮೆರಿಕದ ಕಾರು, ಡ್ರೈವರ್ ಎಡಗಡೆ ಅನ್ನುವುದು ನೆನಪಿರಲಿ. ಡಿಸ್ಟ್ರಿಬ್ಯೂಟರ್ ಸುತ್ತ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಈ ಕ್ರಮ ಹೋಗಬೇಕು. ವೈರ್ ಹಾಕುವ ಮುಂಚೆ ಫೈರ್‌ವಾಲ್ ಗೂಡಿನೊಳಗೆ ಎಂಜಿನ್ ಕೂರಿಸಿ ನೋಡಿ, ವೈರ್ ಬಾಗಲು ಡಿಸ್ಟ್ರಿಬ್ಯೂಟರ್ ಹಿಂದೆ ಎರಡು ಮಿ.ಮೀ. ಆದರೂ ಬೇಕು. ಇಲ್ಲದಿದ್ದರೆ ಗೂಡನ್ನು ಈಗಲೇ ಇನ್ನಷ್ಟು ಆಳ ಮಾಡಿ.