ಮಾತು ಬಿಟ್ಟ ಹುಡುಗಿಯ ಕನಸನ್ನು ಯಾವುದರಲ್ಲಿ ಕಟ್ಟಲಿ? ಅನುಭವಿಗಳು ಹೇಳಿ

ಕತ್ರಿಗುಪ್ಪೆ ಚಿತ್ರಗಾರ್ತಿ: ತಂದೆ ತೀರಿಕೊಂಡ ಮೇಲೆ ಮಾತನ್ನೇ ಬಿಟ್ಟ ಒಂಬತ್ತು ವರ್ಷದ ಹುಡುಗಿಯ ಕುರಿತು ಕಿರು ಅನಿಮೇಷನ್ ಚಿತ್ರ ಮಾಡುತ್ತಿದ್ದೇನೆ. ಅದರಲ್ಲಿ ಮೂರು ನಿಮಿಷ ಅವಳ ಕನಸು. ಅದನ್ನು ಕೈಯಲ್ಲಿ ಬರೆಯಲೋ, ಗೊಂಬೆಗಳಿಂದ ಕಟ್ಟಲೋ? ನನ್ನಲ್ಲಿರುವುದು 1,50,000 ರೂಪಾಯಿ.

ಗೊಂಬೆಮನೆ: ನಾನು ಗೊಂಬೆಗಳನ್ನೇ ಆರಿಸಿಕೊಂಡೆ, ಇಂದಿಗೂ ಪಶ್ಚಾತ್ತಾಪವಿಲ್ಲ. ಗೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಚೌಕಟ್ಟು (ಫೋಟೋ) ತೆಗೆಯಬೇಕು; ಸೆಕೆಂಡಿಗೆ 24 ಚೌಕಟ್ಟು, ಪ್ರತಿ ಭಂಗಿಗೆ ಎರಡು ಎಂದು ಹಿಡಿದರೂ ಒಂದು ನಿಮಿಷಕ್ಕೆ 720 ಭಂಗಿಗಳಾಗುತ್ತವೆ. ರಾಜಾಜಿನಗರದ ಬಾಡಿಗೆ ಗ್ಯಾರೇಜಿನಲ್ಲಿ ವೋಲ್ಟೇಜ್ ಏರಿಳಿದು ಬೆಳಕು ಮಿನುಗಿದ್ದರಿಂದ ಹನ್ನೊಂದು ದಿನದ ಕೆಲಸವನ್ನು ಎಸೆಯಬೇಕಾಯಿತು. ಯುಪಿಎಸ್‌ಗೆ 14,500, ಬೇರೆ ದೀಪಗಳ ಬಾಡಿಗೆಗೆ 18,000 ಹೋಯಿತು. ಕನಸಿನ ಮನೆಯನ್ನು ಚನ್ನಪಟ್ಟಣದ ಅರಗು ಹಾಕಿದ ಮರದ ತುಂಡುಗಳಿಂದ ಕಟ್ಟಿದ್ದೆ. ಕ್ಯಾಮೆರಾ ಇಟ್ಟು ನೋಡಿದರೆ ಪ್ರತಿ ಕಂಬದಲ್ಲೂ ದೀಪದ ಪ್ರತಿಬಿಂಬ! ಉಪ್ಪುಕಾಗದ ಹಿಡಿದು ಎರಡು ವಾರ ಆ ಹೊಳಪನ್ನು ಉಜ್ಜಿ ತೆಗೆದೆ.

ತೆಳುಪರದೆ: ಹೊಳಪನ್ನು ತೆಗೆದದ್ದೇ ತಪ್ಪು. ಹಗಲೆಲ್ಲ ಮಂಕಾಗಿರುವ ಮಗುವಿಗೆ ಕನಸಾದರೂ ಹೊಳೆಯಬೇಡವೇ? ನನ್ನದು ರಂಗಭೂಮಿಯ ಅನುಭವ. ಮುಂದಿನಿಂದ ಬೆಳಕು ಬಿಟ್ಟರೆ ಗೋಡೆಯಂತೆ, ಹಿಂದಿನಿಂದ ಬಿಟ್ಟರೆ ಇಲ್ಲವೇ ಇಲ್ಲವೆಂಬಂತೆ ಕಾಣುವ ಜಾಲರಿ ಬಟ್ಟೆಯನ್ನು ಚಿಕ್ಕಪೇಟೆಯಲ್ಲಿ ಕೊಂಡು, ಮನೆಬಿಟ್ಟು ಓಡಿದ ಹುಡುಗನ ಕನಸಿಗೆ ಬಳಸಿದೆ. ಅಗಲ ಸಾಲದೆ ಹೊಲಿಸಿದ ಜೋಡಣೆ, ತಾಲೀಮಿನ ಕೊನೆಯ ದಿನ ಸರಿಯಾಗಿ ಹುಡುಗನ ಮುಖದ ಮೇಲೆ ಕಪ್ಪು ಗೆರೆಯಾಗಿ ಬಿತ್ತು. ಜೋಡಣೆಯಿಲ್ಲದ ಬಟ್ಟೆಗೆ ಮತ್ತೆ 22,600 ತೆತ್ತೆ.

ಗೊಂಬೆಮನೆ: ಕ್ಯಾಮೆರಾದ ಮುಂದೆ ಒಂದು ದಿನವೂ ಕೂರದವರು ಹೊಳಪಿನ ವಿಷಯದಲ್ಲಿ ಉಪದೇಶ ಮಾಡುವುದು ಸುಲಭ.

ತೊಗಲು: ಇಬ್ಬರೂ ಮಗುವನ್ನು ಮರೆತು ಅಲಂಕಾರದ ಲೆಕ್ಕ ಒಪ್ಪಿಸುತ್ತಿದ್ದೀರಿ. ನನ್ನ ಚಿತ್ರದ ಹುಡುಗನ ಕನಸಿನಲ್ಲಿ ಹಗಲಿನಲ್ಲಿ ಅವನು ಕಾಣದ ವಸ್ತು ಒಂದೂ ಇರಲಿಲ್ಲ: ಅಪ್ಪನ ಹೆಲ್ಮೆಟ್, ಮಾತ್ರೆಯ ಖಾಲಿ ಹಾಳೆ, ಆಸ್ಪತ್ರೆಯ ಚೀಟಿ. ಹೆಲ್ಮೆಟ್ ಮಾತ್ರ ಮನೆಯಷ್ಟು ದೊಡ್ಡದು. ಅವನು ಅದರೊಳಗೆ ಮಲಗುತ್ತಿದ್ದ. ಅದನ್ನು ಬೆಳಕು ಹಾಯುವ ಆಡಿನ ತೊಗಲಿನಲ್ಲಿ ಕತ್ತರಿಸಿ, ಹಿಂದೆ ದೀಪವಿಟ್ಟು ಚಿತ್ರೀಕರಿಸಿದೆ. ಜೂನ್ ತಿಂಗಳ ತೇವಕ್ಕೆ ಅಂಚುಗಳು ಸುರುಳಿಯಾಗಿ ಏಳು ಗೊಂಬೆಗಳು ಹಾಳಾದವು, ಒಂದೊಂದಕ್ಕೂ 2,800.

ತೆಳುಪರದೆ: ತೊಗಲು ಗೊಂಬೆಯೆಂದರೆ ಹಾಡುವ, ಆಡಿಸುವ ಮನುಷ್ಯ ಪರದೆಯ ಹಿಂದೆ ಇರಬೇಕು. ಅವನನ್ನು ಹೊರಗಟ್ಟಿ ಕ್ಯಾಮೆರಾ ಕೂರಿಸಿದ ಮೇಲೆ ಅದು ಬರೀ ಚರ್ಮ.

ತೊಗಲು: ಹಾಗಾದರೆ ನಿಮ್ಮದು ಬರೀ ಸೊಳ್ಳೆಪರದೆ.

ಕತ್ರಿಗುಪ್ಪೆ ಚಿತ್ರಗಾರ್ತಿ: ಆ ಹೆಲ್ಮೆಟ್ಟಿನ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನನ್ನ ಹುಡುಗಿಯ ತಂದೆ ದರ್ಜಿ. ಅವಳ ಕನಸಿಗೆ ಕಾಡು, ಮೋಡ, ಮೀನುಗಳನ್ನು ಬರೆದು ಇಟ್ಟಿದ್ದೆ. ಮೂರು ನಿಮಿಷಕ್ಕೆ ನೀವು ಕೊಟ್ಟದ್ದು ಒಟ್ಟು ಎಷ್ಟು?

ಗೊಂಬೆಮನೆ: ಯಾರನ್ನು ಕೇಳುತ್ತಿದ್ದೀರಿ? ನನ್ನ ಖರ್ಚೆಂದರೆ, ಗ್ಯಾರೇಜಿನ ಮುಂಗಡ ಇನ್ನೂ ವಾಪಸ್ ಬಂದಿಲ್ಲ.