‘ವಿಂಟೇಜ್’ ಕಂಪ್ಯೂಟರಿಗೆ ‘ಹಳೆಯ’ ಎಂದರೆ ಸಾಕೇ?

ನನ್ನ ಸಂಗ್ರಹದ ಕಂಪ್ಯೂಟರುಗಳಿಗೂ ಅವುಗಳ ಜೊತೆ ಬಂದ ಪುಸ್ತಕಗಳಿಗೂ ಕನ್ನಡದಲ್ಲೇ ಪಟ್ಟಿ ಬರೆಯಲು ಕುಳಿತೆ. ಮೊದಲ ಚೀಟಿಯಲ್ಲೇ ಪೆನ್ನು ನಿಂತಿತು: ‘ವಿಂಟೇಜ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುವುದು? 1981ರಲ್ಲಿ ಬಂದ ಐಬಿಎಂ ಪಿಸಿಯನ್ನು ‘ಹಳೆಯ ಕಂಪ್ಯೂಟರ್’ ಎಂದರೆ, ನಾಲ್ಕು ವರ್ಷ ಬಳಸಿ ಮೂಲೆಗಿಟ್ಟ ಲ್ಯಾಪ್‌ಟಾಪಿಗೂ ಅದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ‘ಪುರಾತನ’, ‘ಪ್ರಾಚೀನ’ ಎಂದರೆ ಶಾಸನ, ತಾಳೆಗರಿಗಳ ಸಾಲಿಗೆ ಸೇರಿಬಿಡುತ್ತದೆ. ‘ಗತಕಾಲದ’ ಎಂಬುದರಲ್ಲಿ ಕೊರಗಿನ ದನಿಯಿದೆ. ನನ್ನ ಯಂತ್ರವಾದರೋ ಗುಂಡಿ ಒತ್ತಿದರೆ ಈಗಲೂ ಏಳುತ್ತದೆ.

ವಿಂಟೇಜ್ ಎಂಬುದರ ಮೂಲ ಅರ್ಥ ದ್ರಾಕ್ಷಿಯ ಕೊಯ್ಲು. ಯಾವ ವರ್ಷದ ಬೆಳೆ ಎಂಬುದೇ ಅಲ್ಲಿ ಮುಖ್ಯ, ಎಷ್ಟು ಸವೆದಿದೆ ಎಂಬುದಲ್ಲ. ಈ ಅರ್ಥಕ್ಕೆ ತೀರ ಹತ್ತಿರವೆಂದು ನನಗೆ ಕಂಡದ್ದು ‘ಹಳಗನ್ನಡ’ದ ‘ಹಳ’. ಹಳಗನ್ನಡವೆಂದರೆ ಕೆಟ್ಟುಹೋದ ಕನ್ನಡವೆಂದು ಯಾರೂ ತಿಳಿಯುವುದಿಲ್ಲ. ತನ್ನ ಕಾಲದ, ತನ್ನದೇ ವ್ಯಾಕರಣವುಳ್ಳ ನುಡಿ ಎಂದೇ ತಿಳಿಯುತ್ತೇವೆ. ಹಾಗಾದರೆ ‘ಹಳಗಂಪ್ಯೂಟರ್’ ಎನ್ನಬಹುದೇ? ಕಕಾರಕ್ಕೆ ಗಕಾರ ಬರುವುದು ಆದೇಶಸಂಧಿಯ ದಾರಿಯೇ, ಆದರೆ ಇಂಗ್ಲಿಷಿನಿಂದ ಬಂದ ಪದಕ್ಕೆ ಅದು ಒಗ್ಗುತ್ತದೆಯೇ? ‘ಹಳಗಣಕ’ ಕಿವಿಗೆ ಹಿತವಾಗಿದೆ. ಗಣಕ ಸಂಸ್ಕೃತ ಪದವಾದ್ದರಿಂದ ಅರಿಸಮಾಸವೆಂಬ (ಕನ್ನಡ, ಸಂಸ್ಕೃತ ಪದಗಳನ್ನು ಬೆರೆಸಿದ ಸಮಾಸವೆಂಬ) ಆಕ್ಷೇಪ ಬಂದೇ ಬರುತ್ತದೆ. ಆದರೂ ನನ್ನ ಒಲವು ಇದರ ಕಡೆಗೇ.

ಇನ್ನು ಜೊತೆಗೆ ಬಂದ ಪುಸ್ತಕಗಳು. ಅವುಗಳಿಗೆ ‘ಕೈಪಿಡಿ’ ಎನ್ನುವ ಬಗ್ಗೆ ತಕರಾರಿಲ್ಲ. ಆಡುಮಾತಿನಲ್ಲಿ ‘ಪಿಡಿ’ ಎಷ್ಟೋ ಕಾಲದ ಹಿಂದೆಯೇ ‘ಹಿಡಿ’ಯಾದರೂ ಈ ಪದದೊಳಗೆ ಹಳೆಯ ಪಕಾರ ಗಟ್ಟಿಯಾಗಿ ಕುಳಿತಿದೆ, ಅದೇ ಒಂದು ಸಂತೋಷ. ತೊಡಕು ಬೇರೆ ಕಡೆ ಇದೆ. ಐಬಿಎಂ ಪಿಸಿಯ ಟೆಕ್ನಿಕಲ್ ರೆಫರೆನ್ಸ್ ಪುಸ್ತಕದಲ್ಲಿ ಸರ್ಕ್ಯೂಟ್ ನಕ್ಷೆಗಳಿವೆ, ಯಂತ್ರ ಏಳುವಾಗ ಮೊದಲು ಓಡುವ ಬಯಾಸ್ ಪ್ರೋಗ್ರಾಮಿನ ಪೂರ್ತಿ ಪಠ್ಯವೇ ಅಚ್ಚಾಗಿದೆ. ಉಂಗುರಗಳಿಗೆ ಪೋಣಿಸಿದ ಹಾಳೆಗಳು. ನನ್ನ ಪ್ರತಿಯಲ್ಲಿ ಕೀಲಿಮಣೆಯ ಭಾಗದ ಅಂಚಿನುದ್ದಕ್ಕೂ ಹಿಂದಿನ ಒಡೆಯರು ಪೆನ್ಸಿಲಿನಲ್ಲಿ ಸಣ್ಣಗೆ ಗುರುತು ಹಾಕುತ್ತಾ ಹೋಗಿದ್ದಾರೆ. ಇದನ್ನೂ, ಮಾಹಿತಿ ತುಂಬಿಡುವ ತೆಳು ಡಿಸ್ಕಾದ ಫ್ಲಾಪಿಯನ್ನು ಯಾವ ಬದಿಯಿಂದ ತೂರಿಸಬೇಕೆಂದು ತಿಳಿಸುವ ತೆಳು ಪುಸ್ತಕವನ್ನೂ ಬರಿದೇ ಕೈಪಿಡಿ ಎನ್ನಲು ಮನಸ್ಸು ಒಪ್ಪುವುದಿಲ್ಲ. ಸದ್ಯಕ್ಕೆ ಒಂದಕ್ಕೆ ‘ಆಕರ ಕೈಪಿಡಿ’, ಇನ್ನೊಂದಕ್ಕೆ ‘ಬಳಕೆಯ ಕೈಪಿಡಿ’ ಎಂದು ಬರೆದುಕೊಂಡಿದ್ದೇನೆ.

‘ಹಳಗಣಕ’ ಎಂಬ ಚೀಟಿಯನ್ನು ಯಂತ್ರದ ಮೇಲೆ ಅಂಟಿಸಿದರೆ, ಯಾವ ವಿವರಣೆಯೂ ಇಲ್ಲದೆ ಓದಿದಾಗ ನಿಮಗೆ ಮೊದಲು ಹೊಳೆಯುವ ಅರ್ಥ ಯಾವುದು?