ಬಳುಕುವ ಕ್ಯಾಲಿಗ್ರಫಿ ಫಾಂಟ್: ಬಳಸಿದವರು ಸ್ವಲ್ಪ ಹೇಳ್ತೀರಾ?

ಗೆಳತಿಯ ಮದುವೆ ಕರೆಯೋಲೆಯ ಇಂಗ್ಲಿಷ್ ಪ್ರತಿ ನಾನೇ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡುಬಿಟ್ಟೆ. ಜಾಪ್ಫಿನೋ ಅನ್ನೋ ಫಾಂಟ್ ನೋಡಿ ಮನಸೋತು ಇಡೀ ಕಾರ್ಡನ್ನು ಅದರಲ್ಲೇ ಕೂರಿಸಿದೆ. ಈಗ ಮೇಲಿನ ಸಾಲಿನ ಬಾಲ ಕೆಳಗಿನ ಸಾಲಿನ ಕೊಂಬಿಗೆ ಸಿಕ್ಕಿಕೊಂಡಿದೆ, ಓದೋಕೇ ಆಗ್ತಿಲ್ಲ. ಫಾಂಟೇ ಬದಲಿಸಲಾ?

ಉತ್ತರ 1
ಫಾಂಟ್ ಇರಲಿ, ಪದ ಕಡಿಮೆ ಮಾಡಿ. ವಧೂವರರ ಹೆಸರಿಗೆ ಮಾತ್ರ ಜಾಪ್ಫಿನೋ, ಸ್ಥಳ, ಸಮಯ ಎಲ್ಲ ಸಾದಾ ಸೆರಿಫ್ (ಗೆರೆಯ ತುದಿಗೆ ಪುಟ್ಟ ಅಡ್ಡಗೀಟಿರುವ) ಫಾಂಟ್‌ನಲ್ಲಿ. ಹೆಸರಿನ ಸುತ್ತ ಧಾರಾಳವಾಗಿ ಖಾಲಿ ಜಾಗ ಬಿಡಿ.

ಅಕ್ಷರ ವಿನ್ಯಾಸಕ ಹರ್ಮನ್ ಜಾಪ್ಫ್ 1944ರಲ್ಲಿ ಸ್ಕೆಚ್ ಪುಸ್ತಕದಲ್ಲಿ ಪೆನ್ನು ಹಿಡಿದು ಬರೆದ ಅಕ್ಷರಗಳಿಂದ ಹುಟ್ಟಿದ್ದು ಈ ಜಾಪ್ಫಿನೋ. ಲೈನೋಟೈಪ್ ಕಂಪನಿ ಫಾಂಟಾಗಿ ಹೊರತಂದದ್ದು 1998ರಲ್ಲಿ. ಕೈಬರಹದಲ್ಲಿ ಒಂದೇ ಅಕ್ಷರ ಪ್ರತಿ ಸಲ ಬೇರೆ ಥರ ಬೀಳುತ್ತಲ್ಲ, ಹಾಗೇ ಇದರಲ್ಲೂ ಒಂದೊಂದು ಅಕ್ಷರಕ್ಕೆ ಹಲವು ರೂಪಗಳಿವೆ. ತಂತ್ರಾಂಶ ತಾನಾಗಿ ಕೊಟ್ಟದ್ದನ್ನೇ ಒಪ್ಪಿಕೊಳ್ಳಬೇಡಿ, ಗ್ಲಿಫ್ ಪ್ಯಾನೆಲ್ (ಅಕ್ಷರದ ಎಲ್ಲ ರೂಪ ತೋರಿಸುವ ಕಿಟಕಿ) ತೆರೆದು ನೀವೇ ಆರಿಸಿ. ನಾನೊಮ್ಮೆ ಪ್ರಮಾಣಪತ್ರ ಮಾಡಿದಾಗ ಹೆಸರಿನ ಕೊನೆಯ ‘ವೈ’ (y) ಅಕ್ಷರದ ಬಾಲ ನೇರ ಕೆಳಗಿನ ತಾರೀಕಿನ ಮೇಲೆ ಗೀಟೆಳೆದ ಹಾಗೆ ಬಿತ್ತು. ತಾರೀಕು ಹೊಡೆದುಹಾಕಿದ್ದಾರೆ ಅಂತಲೇ ಎಲ್ಲರೂ ತಿಳಿದರು! ಗಿಡ್ಡ ಬಾಲದ ‘ವೈ’ ಹಾಕಿದೆ, ಸರಿಹೋಯ್ತು. ಒಂದು ಹೆಸರಿಗೆ ಒಂದೇ ಉದ್ದ ಬಾಲ ಸಾಕು, ಎರಡನೆಯದು ಜಗಳ ತೆಗೆಯುತ್ತೆ.

ಉತ್ತರ 2
ನನ್ನ ಪೆದ್ದುತನವನ್ನೂ ಕೇಳಿ. ಸ್ನೆಲ್ ರೌಂಡ್‌ಹ್ಯಾಂಡ್ ಅನ್ನೋ ಕೂಡುಬರಹದ ಫಾಂಟ್‌ನಲ್ಲಿ ಲೋಗೋ ಮಾಡ್ತಿದ್ದೆ. ಅಗಲ ಸಾಲದು ಅಂತ ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಹೆಚ್ಚಿಸಿದೆ. ಕೈ ಕೈ ಹಿಡಿದು ನಿಂತಿದ್ದ ಅಕ್ಷರಗಳು ಕೈಬಿಟ್ಟವು, ಪ್ರತಿ ಕೀಲಿನಲ್ಲೂ ಬಿರುಕು. ಅಕ್ಷರ ವಿನ್ಯಾಸಕ ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ, ಅಕ್ಷರವನ್ನು ಬೆಳಕಿನಿಂದ ಫಿಲ್ಮ್ ಮೇಲೆ ಮೂಡಿಸುವ ಫೋಟೋ ಟೈಪ್‌ಸೆಟ್ಟಿಂಗ್‌ಗೆಂದು ಇದನ್ನು ಮಾಡಿದಾಗ ಅಕ್ಷರದಿಂದ ಅಕ್ಷರಕ್ಕೆ ಗೆರೆ ಹರಿಯೋದೇ ಇದರ ಜೀವವಾಗಿತ್ತು. ಅದನ್ನೇ ನಾನು ಕತ್ತರಿಸಿದ್ದೆ. ಅಗಲ ಬೇಕಿದ್ದರೆ ಪಾಯಿಂಟ್ ಸೈಜ್ (ಅಕ್ಷರದ ಗಾತ್ರ) ಹೆಚ್ಚಿಸಿ. ಎಲ್ಲ ಕ್ಯಾಪಿಟಲ್‌ನಲ್ಲಂತೂ ಬೇಡವೇ ಬೇಡ.

ಉತ್ತರ 3
ಕಂಪ್ಯೂಟರ್ ಪರದೆಯನ್ನು ನಂಬಬೇಡಿ. ನಾನು ಬಳಸಿದ ಬಿಕಮ್ ಸ್ಕ್ರಿಪ್ಟ್ ಫಾಂಟ್‌ಗೆ ಮಾದರಿ 18ನೇ ಶತಮಾನದಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕಿದ ಬರಹ, ಹಾಗಾಗಿ ಅದರ ಸಣ್ಣ ಗೆರೆ ಕೂದಲೆಳೆಯಷ್ಟೇ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಇಟ್ಟಿದ್ದೆ. ಸುತ್ತಲಿನ ಇಂಕು ಹರಡಿ ಆ ಎಳೆಗಳನ್ನು ನುಂಗಿಬಿಡ್ತು, ದಪ್ಪ ಭಾಗಗಳಷ್ಟೇ ತುಂಡು ತುಂಡಾಗಿ ಉಳಿದವು. ನಿಜವಾದ ಅಳತೆಯಲ್ಲಿ, ಅದೇ ಕಾಗದದ ಮೇಲೆ ಒಂದು ಪ್ರೂಫ್ (ಮಾದರಿ ಪ್ರತಿ) ತೆಗೆಸಿ, ತೋಳಿನ ದೂರದಲ್ಲಿ ಹಿಡಿದು ಓದಿ. ಆಮೇಲೆ ಫಾಂಟನ್ನು ಔಟ್‌ಲೈನ್‌ಗೆ (ಅಕ್ಷರವನ್ನು ಚಿತ್ರದಂಥ ಆಕಾರಕ್ಕೆ) ಬದಲಿಸಿ ಪ್ರೆಸ್ಸಿನವರಿಗೆ ಕೊಡಿ, ಇಲ್ಲದಿದ್ದರೆ ಅವರ ಕಂಪ್ಯೂಟರ್‌ನಲ್ಲಿ ಬೇರೆ ಫಾಂಟ್ ಬಂದು ಕೂರುತ್ತೆ.

ಕೇಳಿದವಳು
ಹೆಸರೆರಡು ಮಾತ್ರ ಉಳಿಸಿದೆ, ಕಾರ್ಡು ಉಸಿರಾಡ್ತಿದೆ! ನಡುವೆ ‘ಆ್ಯಂಡ್’ ಪದದ ಬದಲು ಆಂಪರ್ಸ್ಯಾಂಡ್ (&) ಚಿಹ್ನೆ ಇಟ್ಟೆ, ಅದರಲ್ಲೂ ಎಷ್ಟೊಂದು ರೂಪಗಳು. ಗೆಳತಿಗೆ ಪ್ರೂಫ್ ತೋರಿಸಿದರೆ, “ಹೆಸರು ಚಿಕ್ಕದಾದರೂ ಪರವಾಗಿಲ್ಲ, ಈ ಸುರುಳಿ ದೊಡ್ಡದು ಮಾಡೇ” ಅಂತಾಳೆ. ಮಾಡಲಾ?

ಉತ್ತರ 1
ಮಾಡಿ. ಬಾಲ ತಾರೀಕಿಗೆ ತಾಗದಿದ್ದರೆ ಸರಿ.